ಇನ್ನೂರು ರೂಪಾಯಿಯ ಇಯರ್‌ಫೋನ್ ಮತ್ತು ನಿಮ್ಮ ಕಿವಿ

ನಿಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಡ್ರಾಯರನ್ನು ಒಮ್ಮೆ ಎಳೆದು ನೋಡಿ. ಹಳೆಯ ಚಾರ್ಜರ್, ಸೆಲ್ಲು ಮುಗಿದ ಟಾರ್ಚು, ಮದುವೆ ಕಾರ್ಡುಗಳ ನಡುವೆ ಗಂಟುಗಂಟಾಗಿ ಬಿದ್ದಿರುವ ಇಯರ್‌ಫೋನ್‌ಗಳು ಎಷ್ಟಿವೆ ಎಂದು ಎಣಿಸಿ. ನಮ್ಮ ಮನೆಯಲ್ಲಿ ಎಣಿಸಿದಾಗ ಏಳು ಸಿಕ್ಕವು. ಐದರಲ್ಲಿ ಒಂದು ಕಡೆ ಮಾತ್ರ ಕೇಳುತ್ತಿತ್ತು. ಒಂದರ ಮೈಕ್ ಸತ್ತಿತ್ತು. ಇನ್ನೊಂದು, ಪಿನ್ನನ್ನು ಬೆರಳಿನಿಂದ ಓರೆಯಾಗಿ ಒತ್ತಿ ಹಿಡಿದರೆ ಮಾತ್ರ ಮಾತನಾಡುತ್ತಿತ್ತು. ಎಲ್ಲವೂ ನೂರೈವತ್ತು, ಇನ್ನೂರು ರೂಪಾಯಿಯವು. ಒಟ್ಟು ಕೂಡಿಸಿದರೆ ಸಾವಿರದ ಮೇಲಾಯಿತು. ಅಷ್ಟು ದುಡ್ಡಿಗೆ ನಾಲ್ಕು ವರ್ಷ ಬಾಳುವ ಒಂದೇ ಒಂದು ಬರುತ್ತಿತ್ತಲ್ಲ ಎಂದು ಮನೆಯವರು ನನ್ನನ್ನೇ ಕೇಳಿದರು.

ಇದು ಬರೀ ಜೇಬಿನ ವಿಷಯವಾಗಿದ್ದರೆ ಆರೋಗ್ಯದ ಪುಟದಲ್ಲಿ ಬರೆಯುತ್ತಿರಲಿಲ್ಲ. ಆದರೆ ಕಿವಿ ತುರಿಕೆ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ‘ಹುಡುಗ ಕರೆದರೆ ಓಗೊಡುವುದಿಲ್ಲ’ ಎಂಬ ದೂರು ಹಿಡಿದು ದವಾಖಾನೆಗೆ ಬರುವವರಲ್ಲಿ ಅನೇಕರ ಜೇಬಿನಿಂದ ಇಂಥದ್ದೇ ಒಂದು ವಯರ್ ಇಣುಕುತ್ತಿರುತ್ತದೆ. ಈಗ ನಾನು ನಾಡಿ ನೋಡುವ ಮೊದಲು ಇಯರ್‌ಫೋನ್ ತೋರಿಸಿ ಎನ್ನುತ್ತೇನೆ. ರೋಗಿಗಳು ನಗುತ್ತಾರೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹದಿನಾಲ್ಕು ವರ್ಷ. ಕರೆದುಕೊಂಡು ಬಂದವರು ಅವನ ಅಬ್ಬಾ, ಆದರೆ ದೋಷ ಪತ್ತೆ ಹಚ್ಚಿದವರು ಮದರಸದ ಉಸ್ತಾದರು. ಸೀನ್ ಮತ್ತು ಸಾ, ಈ ಎರಡು ಅಕ್ಷರಗಳ ಉಚ್ಚಾರಣೆಯನ್ನು ಅವನು ಮೊದಲು ಸರಿಯಾಗಿ ಹೇಳುತ್ತಿದ್ದವನು, ಕೆಲವು ತಿಂಗಳಿನಿಂದ ತಪ್ಪುತ್ತಿದ್ದನಂತೆ. ಉಸ್ತಾದರು ಅವನ ಬಲಗಡೆ ನಿಂತು ಹೇಳಿಕೊಟ್ಟರೆ ತಪ್ಪು, ಎಡಗಡೆ ನಿಂತರೆ ಸರಿ. ಬುದ್ಧಿವಂತ ಗುರುಗಳು. ಹುಡುಗನಿಗೆ ಬೈಯುವ ಬದಲು ಕಿವಿ ತೋರಿಸಿ ಎಂದು ಮನೆಗೆ ಹೇಳಿ ಕಳಿಸಿದ್ದರು.

ಅವನ ಇಯರ್‌ಫೋನ್ ತೆಗೆದು ನೋಡಿದೆ. ಎಡಗಡೆ ಸತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದರೆ, ‘ರಂಜಾನಿಗೂ ಮುಂಚೆಯಿಂದ’ ಎಂದ. ಅಂದರೆ ಎಂಟು ತಿಂಗಳು. ಅಷ್ಟೂ ಕಾಲ ಬಲಗಿವಿಯೊಂದರಲ್ಲೇ ಆಟ, ಹಾಡು, ವಿಡಿಯೊ ಎಲ್ಲ. ವಾಲ್ಯೂಮ್ ಎಷ್ಟಿಡುತ್ತೀಯ ಎಂದರೆ ಮೊಬೈಲ್ ತೆಗೆದು ಪೂರ್ತಿ ಏರಿಸಿ ತೋರಿಸಿದ. ಶ್ರವಣ ತಜ್ಞರ ಬಳಿ ಕಳಿಸಿದೆ. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಬಲಗಿವಿಯ ಗೆರೆ 4,000 ಹರ್ಟ್ಸ್‌ನ ಹತ್ತಿರ ಗುಂಡಿಗೆ ಬಿದ್ದಂತೆ ಕುಸಿದಿತ್ತು. ಎಡಗಿವಿ ಚೆನ್ನಾಗಿತ್ತು. ಇಯರ್‌ಫೋನೇ ಕಾರಣ ಎಂದು ಕೋರ್ಟಿನಲ್ಲಿ ಸಾಬೀತು ಮಾಡಲು ನನ್ನಿಂದಾಗದು. ಆದರೆ ಜೋರು ಸದ್ದಿನಿಂದ ಕಿವಿ ಕೆಡುವಾಗ ಮೊದಲು ಕುಸಿಯುವುದು 3,000ದಿಂದ 6,000 ಹರ್ಟ್ಸ್‌ನ ಈ ಜಾಗವೇ. ಸ, ಶ, ಫ, ತ ಮುಂತಾದ ತೆಳು ವ್ಯಂಜನಗಳನ್ನು ಬಿಡಿಸಿ ಕೇಳಲು ಬೇಕಾಗಿರುವುದೂ ಇಂಥ ಎತ್ತರದ ಸ್ವರಗಳೇ. ಹಾಗಾಗಿ ಇಂಥವರಿಗೆ ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ‘ಸಾಲು’ ಎಂದರೆ ‘ಹಾಲು’ ಎಂದುಕೊಳ್ಳುತ್ತಾರೆ. ಮನೆಯವರು ಗಮನವಿಲ್ಲ ಎಂದು ಗದರುತ್ತಾರೆ.

ಒಂದು ಕಡೆ ಸಾಯುವುದೇಕೆ?

ಅಗ್ಗದ ಇಯರ್‌ಫೋನಿನ ವಯರನ್ನು ಬಿಡಿಸಿ ನೋಡಿದ್ದೀರಾ? ಒಳಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆಗಳಿರುತ್ತವೆ. ಅವು ಮುರಿಯುವುದು ನಡುವೆಯಲ್ಲ, ಯಾವಾಗಲೂ ಮೂರು ಜಾಗದಲ್ಲಿ: ಪಿನ್ನಿನ ಬುಡ, ವಯರ್ ಎರಡಾಗಿ ಕವಲೊಡೆಯುವ ಜಾಗ, ಕಿವಿಯ ಗುಂಡಿಗೆ ಸೇರುವ ಜಾಗ. ಅಲ್ಲಿಯೇ ವಯರ್ ಮತ್ತೆ ಮತ್ತೆ ಮಡಚುತ್ತದೆ. ಒಳ್ಳೆಯ ತಯಾರಿಯಲ್ಲಿ ಈ ಮೂರೂ ಕಡೆ ಮೆತ್ತಗಿನ ರಬ್ಬರಿನ ಕೊಳವೆ ಇರುತ್ತದೆ. ವಯರ್ ಒಂದೇ ಬಿಂದುವಿನಲ್ಲಿ ಮುರಿದು ಬಾಗದೆ, ನಿಧಾನವಾಗಿ ಬಳುಕುವಂತೆ ಅದು ನೋಡಿಕೊಳ್ಳುತ್ತದೆ. ಅಗ್ಗದ್ದರಲ್ಲಿ ಅದು ಇರುವುದೇ ಇಲ್ಲ, ಇಲ್ಲವೇ ನೋಟಕ್ಕೆ ಮಾತ್ರ ಅಂಟಿಸಿದ ಗಟ್ಟಿ ಪ್ಲಾಸ್ಟಿಕ್ಕಾಗಿರುತ್ತದೆ. ಜೇಬಿನಲ್ಲಿಟ್ಟು ಕುಳಿತೆದ್ದರೆ, ಮೊಬೈಲಿಗೆ ಸುತ್ತಿ ಎಳೆದರೆ, ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮೊದಲು ಕರಕರ ಸದ್ದು, ಆಮೇಲೆ ಬಂದು ಹೋಗುವ ಸದ್ದು, ಕೊನೆಗೆ ಮೌನ.

ಆ ಮೌನದ ನಂತರ ನಾವು ಮಾಡುವ ಕೆಲಸವೇ ಅಪಾಯದ್ದು. ಎರಡು ಕಿವಿಯಲ್ಲಿ ಕೇಳುವ ಸದ್ದು ಒಂದೇ ಕಿವಿಯಲ್ಲಿ ಕೇಳುವುದಕ್ಕಿಂತ ಜೋರಾಗಿ ತೋರುತ್ತದೆ, ಅದು ಮೆದುಳಿನ ಲೆಕ್ಕ. ಒಂದು ಕಡೆ ಸತ್ತಾಗ ಸದ್ದು ಕಡಿಮೆಯಾಯಿತೆನಿಸಿ ವಾಲ್ಯೂಮ್ ಏರಿಸುತ್ತೇವೆ. ಖಾಲಿ ಇರುವ ಇನ್ನೊಂದು ಕಿವಿಯಿಂದ ಬಸ್ಸಿನ ಗದ್ದಲ, ಮಿಕ್ಸಿಯ ಸದ್ದು ಒಳಬರುತ್ತದೆ. ಅದನ್ನು ಮೀರಿಸಲು ಮತ್ತಷ್ಟು ಏರಿಸುತ್ತೇವೆ. ಎಲ್ಲ ಹೊರೆಯೂ ಒಂದೇ ಕಿವಿಗೆ.

ದಮಾಮ್, ದುಬೈಯಲ್ಲಿರುವ ಮಗನ ಜೊತೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ತಾಸುಗಟ್ಟಲೆ ಮಾತಾಡುವ ತಾಯಂದಿರೇ, ನಿಮಗೂ ಇದು ಅನ್ವಯಿಸುತ್ತದೆ. ‘ನಾನು ಹಾಡು ಕೇಳುವುದಿಲ್ಲ ಡಾಕ್ಟರ್ ಸಾಬ್’ ಎನ್ನುತ್ತೀರಿ. ಕಿವಿಗೆ ಹಾಡೂ ಒಂದೇ, ಮಗನ ಮಾತೂ ಒಂದೇ, ಬಯಾನೂ ಒಂದೇ. ಅದು ನೋಡುವುದು ಎಷ್ಟು ಜೋರು, ಎಷ್ಟು ಹೊತ್ತು ಎಂಬ ಎರಡನ್ನೇ.

ಆ ಎರಡರ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ ಸರಳವಾಗಿ ಹೇಳಿದೆ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಇದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90ಕ್ಕೆ ಬಂದರೆ ವಾರಕ್ಕೆ ನಾಲ್ಕು ಗಂಟೆ. 100ಕ್ಕೆ ಮುಟ್ಟಿದರೆ ಇಡೀ ವಾರಕ್ಕೆ ಇಪ್ಪತ್ತು ನಿಮಿಷದ ಆಸುಪಾಸು! ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ಪೂರ್ತಿ ಏರಿಸಿದರೆ 100 ದಾಟುವುದು ಅಪರೂಪವೇನಲ್ಲ.

‘ಶೇಕಡಾ 60ಕ್ಕಿಂತ ಏರಿಸಬೇಡಿ’ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಕೆಟ್ಟ ಸಲಹೆಯಲ್ಲ, ಆದರೆ ಶೇಕಡಾವಾರು ಡೆಸಿಬೆಲ್ ಅಲ್ಲ. ಒಂದೇ ಮೊಬೈಲಿನ ಅದೇ 60, ಒಂದು ಇಯರ್‌ಫೋನಿನಲ್ಲಿ ಮೆಲ್ಲಗೆ ಕೇಳಿದರೆ ಇನ್ನೊಂದರಲ್ಲಿ ಚೀರುತ್ತದೆ. ಕೆಲವು ಮೊಬೈಲುಗಳು ‘ಸದ್ದು ಹೆಚ್ಚಾಯಿತು’ ಎಂದು ಎಚ್ಚರಿಸುತ್ತವೆ, ಅದೂ ಅಂದಾಜೇ. ಪಿನ್ನಿಗೆ ಸಿಕ್ಕಿಸಿದ ವಯರಿನ ಆ ತುದಿಯಲ್ಲಿ ಯಾವ ಮಾಲು ಇದೆ ಎಂದು ಮೊಬೈಲಿಗೆ ತಿಳಿಯುವುದಿಲ್ಲ. ಅದಕ್ಕೆ ನಾನು ಹೇಳುವುದು ಹಳೆಯ ಕ್ರಮ: ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಮಾತು ಸ್ಪಷ್ಟವಾಗಿ ಕೇಳುವಷ್ಟಕ್ಕೆ ನಿಲ್ಲಿಸಿ. ಆ ಗುರುತನ್ನು ನೆನಪಿಡಿ. ಹೊರಗೆ ಗದ್ದಲದಲ್ಲಿ ಅದು ಸಾಲದಿದ್ದರೆ ಏರಿಸಬೇಡಿ, ತೆಗೆದಿಡಿ.

ಅಗ್ಗದ ಮಾಲಿನಲ್ಲಿ ಇನ್ನೊಂದು ತೊಡಕು ಕೂರುವ ರೀತಿಯದ್ದು. ಕಿವಿಯ ರಂಧ್ರಕ್ಕೆ ಸರಿಯಾಗಿ ಕೂರದಿದ್ದರೆ ಕೆಳಸ್ಥಾಯಿಯ ಸ್ವರಗಳು ಸೋರಿಹೋಗುತ್ತವೆ, ಹೊರಗಿನ ಗದ್ದಲ ಒಳಬರುತ್ತದೆ. ಮತ್ತೆ ಬೆರಳು ವಾಲ್ಯೂಮಿಗೇ ಹೋಗುತ್ತದೆ. ಡಬ್ಬಿಯಲ್ಲಿ ಮೂರು ಅಳತೆಯ ರಬ್ಬರಿನ ತುದಿಗಳಿರಬೇಕು. ಅನೇಕ ಅಗ್ಗದ ಡಬ್ಬಿಗಳಲ್ಲಿ ಇರುವುದು ಒಂದೇ ಅಳತೆ. ಇದ್ದರೂ ನಮ್ಮವರು ಉಳಿದೆರಡನ್ನು ಡಬ್ಬಿಯ ಜೊತೆ ಎಸೆದುಬಿಡುತ್ತಾರೆ.

ಈ ರಬ್ಬರಿನ ತುದಿ ಸಡಿಲವಾಗಿದ್ದರೆ ಕಿವಿಯೊಳಗೇ ಉಳಿದುಬಿಡುತ್ತದೆ. ಅದನ್ನು ಸೇಫ್ಟಿ ಪಿನ್ನಿನಿಂದ, ಕೂದಲ ಪಿನ್ನಿನಿಂದ ಕೀಳಲು ಹೋಗಿ ಇನ್ನಷ್ಟು ಒಳಗೆ ತಳ್ಳಿಕೊಂಡು, ತಮಟೆಯ ಹತ್ತಿರ ಗಾಯ ಮಾಡಿಕೊಂಡು ಬರುತ್ತಾರೆ. ಎಣ್ಣೆ ಬಿಡಬೇಡಿ, ನೀರು ಬಿಡಬೇಡಿ, ಕೆದಕಬೇಡಿ. ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿ ಅದು ಐದು ನಿಮಿಷದ ಕೆಲಸ.

ಚಾರ್ಜಿಗೆ ಇಟ್ಟ ಮೊಬೈಲು

ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಮೊಬೈಲ್ ಚಾರ್ಜಿಗೆ ಹಾಕಿ, ವಯರಿನ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಮಲಗಬೇಡಿ. ಗೋಡೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್. ಮೊಬೈಲಿಗೆ ಬರಬೇಕಾದದ್ದು 5 ವೋಲ್ಟಿನ ಆಸುಪಾಸು. ಈ ಎರಡನ್ನೂ ಬೇರೆಯಾಗಿ ಇಟ್ಟಿರುವುದು ಚಾರ್ಜರಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಮತ್ತು ಅದರ ಸುತ್ತಲಿನ ತಡೆ. ಫುಟ್‌ಪಾತಿನ ಎಂಬತ್ತು ರೂಪಾಯಿಯ ಚಾರ್ಜರಿನಲ್ಲಿ ಉಳಿತಾಯ ಮಾಡುವುದು ಆ ತಡೆಯಲ್ಲೇ. ಅದು ಸೋತ ದಿನ ಗೋಡೆಯ ಕರೆಂಟು ಮೊಬೈಲಿಗೆ, ಮೊಬೈಲಿನಿಂದ ವಯರಿಗೆ, ವಯರಿನಿಂದ ಬೆವರಿದ ಕಿವಿಗೆ ಬರಲು ದಾರಿ ತೆರೆದಿರುತ್ತದೆ. ಹೀಗೆ ಪ್ರಾಣ ಹೋದ ಸುದ್ದಿಗಳನ್ನು ನೀವೂ ಪತ್ರಿಕೆಯಲ್ಲಿ ಓದಿದ್ದೀರಿ.

ವಯರಿಲ್ಲದ ಇಯರ್‌ಬಡ್, ಕುತ್ತಿಗೆಗೆ ಹಾಕುವ ನೆಕ್‌ಬ್ಯಾಂಡ್‌ಗಳಲ್ಲಿ ಈ ಭಯವಿಲ್ಲ, ಅಲ್ಲಿ ಲಿಥಿಯಂ ಬ್ಯಾಟರಿಯದ್ದು. ಅದು ಉಬ್ಬಿದ್ದರೆ, ಜೋಡಣೆ ಬಾಯಿ ಬಿಟ್ಟಿದ್ದರೆ, ಚಾರ್ಜಿನಲ್ಲಿ ಕೈ ಸುಡುವಷ್ಟು ಬಿಸಿಯಾದರೆ ಆ ದಿನವೇ ನಿಲ್ಲಿಸಿ. ಟೇಪು ಸುತ್ತಿ ಬಳಸುವವರನ್ನು ಕಂಡಿದ್ದೇನೆ. ಕುತ್ತಿಗೆಯ ನರದ ಮೇಲೆ ಅದನ್ನು ಹೊತ್ತು ತಿರುಗುವ ಧೈರ್ಯ ನನಗಂತೂ ಇಲ್ಲ.

ಶುಚಿತ್ವದ ಮಾತು

ಕಿವಿಯ ಕಾಲುವೆಗೆ ಗಾಳಿ ಬೇಕು. ಅದನ್ನು ಮುಚ್ಚಿ, ಬೆವರು ಸೇರಿಸಿ, ದಿನಕ್ಕೆ ನಾಲ್ಕಾರು ಗಂಟೆ ಬೆಚ್ಚಗಿಟ್ಟರೆ ಶಿಲೀಂಧ್ರ ಬೆಳೆಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ ಇದು ಹೆಚ್ಚು. ಸಹಿಸಲಾಗದ ತುರಿಕೆ, ಕಿವಿ ಕಟ್ಟಿದಂತಾಗುವುದು, ಕಪ್ಪು ಅಥವಾ ಬಿಳಿ ಪುಡಿಯಂಥ ಕಸ ಇದರ ಗುರುತು. ವುಝೂ ಮಾಡಿ ಒದ್ದೆ ಕಿವಿಗೆ ಕೂಡಲೇ ಇಯರ್‌ಬಡ್ ತುರುಕಬೇಡಿ. ಬಟ್ಟೆಯಲ್ಲಿ ಹೊರಗಿವಿಯನ್ನು ಒರೆಸಿ, ಒಣಗಲು ಬಿಡಿ. ಹಿಜಾಬಿನೊಳಗೆ ಇಯರ್‌ಫೋನ್ ಇಟ್ಟುಕೊಳ್ಳುವ ಹೆಣ್ಣುಮಕ್ಕಳಿಗೆ ಬಟ್ಟೆಯ ಒತ್ತಡವೂ ಸೇರಿ ಬಿಸಿ ಇನ್ನಷ್ಟು ಹೆಚ್ಚು. ಅರ್ಧ ಗಂಟೆಗೊಮ್ಮೆ ತೆಗೆಯಿರಿ. ಸ್ಕೂಟಿ ಓಡಿಸುವಾಗ ಸ್ಕಾರ್ಫಿನೊಳಗೆ ಮೊಬೈಲ್ ಸಿಕ್ಕಿಸಿ ಮಾತಾಡುವುದಂತೂ ಬೇಡವೇ ಬೇಡ. ಹಿಂದಿನ ಲಾರಿಯ ಹಾರ್ನ್ ಕೇಳಲೆಂದೇ ಕಿವಿ ಇರುವುದು.

ಗಂಡಸರಿಗೂ ಒಂದು ಮಾತು. ಶುಕ್ರವಾರ ಅತ್ತರಿನ ಹತ್ತಿಯನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ. ಅದನ್ನು ತೆಗೆಯದೆ ಮೇಲೆ ಇಯರ್‌ಬಡ್ ಒತ್ತಿದರೆ ಚರ್ಮ ಉರಿಯುತ್ತದೆ. ಅತ್ತರಿನ ಎಣ್ಣೆಗೆ ಅಗ್ಗದ ರಬ್ಬರು ಅಂಟಂಟಾಗುತ್ತದೆ. ಕೆಲವರಿಗೆ ಕಿವಿಯ ಬಾಯಲ್ಲಿ ಕೆಂಪು ಗಂಧೆ ಏಳುವುದು ಲೋಹದ ಭಾಗದಲ್ಲಿರುವ ನಿಕ್ಕಲ್‌ನಿಂದ. ನಕಲಿ ಚಿನ್ನದ ಓಲೆಯಿಂದ ಗಂಧೆ ಏಳುವವರು ಇದನ್ನು ನೆನಪಿಡಬೇಕು.

ವಾರಕ್ಕೊಮ್ಮೆ ರಬ್ಬರಿನ ತುದಿಯನ್ನು ಕಿತ್ತು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಜಾಲರಿಯಿರುವ ಭಾಗಕ್ಕೆ ನೀರು ಮುಟ್ಟಿಸಬೇಡಿ. ಅದನ್ನು ಕೆಳಮುಖವಾಗಿ ಹಿಡಿದು ಒಣ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿದರೆ ಕುಗ್ಗೆ ಉದುರುತ್ತದೆ. ಎಷ್ಟೋ ಬಾರಿ ‘ಸದ್ದು ಕಡಿಮೆಯಾಗಿದೆ, ಹಾಳಾಗಿದೆ’ ಎಂದು ಎಸೆಯುವ ಇಯರ್‌ಫೋನಿನಲ್ಲಿ ಜಾಲರಿಗೆ ಕುಗ್ಗೆ ಕಟ್ಟಿರುತ್ತದೆ ಅಷ್ಟೆ. ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬೇಡಿ, ಅಣ್ಣ ತಮ್ಮಂದಿರೇ ಆದರೂ.

ಕಿವಿಗೆ ಸಂಬಂಧವಿಲ್ಲದಿದ್ದರೂ ಇದೇ ಸಾಲಿನ ಒಂದು ಅಪಾಯ ಹೇಳಿಬಿಡುತ್ತೇನೆ. ಅಗ್ಗದ ಸ್ಪೀಕರ್ ಕೊಂಡಾಗ ಜೊತೆಗೆ ಕಾರ್ಡಿನಂಥ ತೆಳ್ಳಗಿನ ರಿಮೋಟ್ ಬರುತ್ತದೆ. ಅದರೊಳಗೆ ನಾಣ್ಯದಂಥ ಸೆಲ್ಲು. ಸೆಲ್ಲಿನ ತಟ್ಟೆಗೆ ಎಷ್ಟೋ ರಿಮೋಟುಗಳಲ್ಲಿ ಸ್ಕ್ರೂ ಇರುವುದಿಲ್ಲ, ಉಗುರಿನಲ್ಲಿ ಎಳೆದರೆ ಬಂದುಬಿಡುತ್ತದೆ. ಪುಟ್ಟ ಮಗು ಆ ಲಿಥಿಯಂ ಸೆಲ್ಲನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡುವ ಗಾಯವಾಗುತ್ತದೆ. ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಕಾಯಬೇಡಿ, ‘ನಾಳೆ ಹೊರಗೆ ಬರುತ್ತದೆ’ ಎನ್ನಬೇಡಿ. ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ಆಗಲೇ ಓಡಿ. ಮಕ್ಕಳಿರುವ ಮನೆಯಲ್ಲಿ ಅಂಥ ರಿಮೋಟಿನ ತಟ್ಟೆಗೆ ಇವತ್ತೇ ಗಟ್ಟಿ ಟೇಪು ಸುತ್ತಿ, ಇಲ್ಲವೇ ರಿಮೋಟನ್ನೇ ಎತ್ತಿಡಿ. ಸ್ಪೀಕರಿನ ಮೇಲೆಯೇ ಗುಂಡಿಗಳಿವೆ.

ದಾದಾನ ಕಿವಿಯ ಮಿಶಿನ್

ಮಕ್ಕಳ ನಂತರ ಹಿರಿಯರು. ಜಾತ್ರೆಯಲ್ಲಿ, ಉರುಸಿನ ಅಂಗಡಿಗಳಲ್ಲಿ, ಮೊಬೈಲಿನ ಜಾಹೀರಾತಿನಲ್ಲಿ ಐನೂರು, ಎಂಟುನೂರು ರೂಪಾಯಿಗೆ ‘ಕಿವಿಯ ಮಿಶಿನ್’ ಮಾರುತ್ತಾರೆ. ನನ್ನ ಸ್ವಂತ ಮಾವನವರಿಗೆ ನಾನೇ ಒಂದನ್ನು ತಂದುಕೊಟ್ಟಿದ್ದೆ. ವೈದ್ಯನಾಗಿ ನಾಚಿಕೆಯಿಂದ ಹೇಳುತ್ತಿದ್ದೇನೆ. ಎರಡು ದಿನ ಸಂತೋಷಪಟ್ಟರು. ಮೂರನೆಯ ದಿನ ಅತ್ತೆ ಸ್ಟೀಲಿನ ಪಾತ್ರೆ ಕೆಳಗಿಟ್ಟ ಸದ್ದಿಗೆ ಅದನ್ನು ಕಿತ್ತು ಎಸೆದರು.

ಅದು ಶ್ರವಣ ಯಂತ್ರವಲ್ಲ, ಬರೀ ಸದ್ದು ಹೆಚ್ಚಿಸುವ ಡಬ್ಬಿ. ವಯಸ್ಸಿನಿಂದ ಕಿವಿ ಮಂದವಾಗುವಾಗ ಹೋಗುವುದು ಮುಖ್ಯವಾಗಿ ಎತ್ತರದ ಸ್ವರಗಳು. ಉಳಿದದ್ದು ಹೆಚ್ಚುಕಡಿಮೆ ಕೇಳುತ್ತಲೇ ಇರುತ್ತದೆ. ಈ ಡಬ್ಬಿ ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ: ಫ್ಯಾನಿನ ಸದ್ದು, ಪಾತ್ರೆ, ಬಾಗಿಲು. ಮಾತು ಮಾತ್ರ ಮೊದಲಿನಷ್ಟೇ ಮಸುಕು. ಎಲ್ಲಿಗೆ ನಿಲ್ಲಬೇಕೆಂಬ ಮಿತಿ ಹಲವುಗಳಲ್ಲಿ ಇರುವುದಿಲ್ಲ. ಉಳಿದಿರುವ ಕಿವಿಯೂ ಅದರಿಂದ ಕೆಡಬಹುದು. ಕಿವಿಗೆ ಸರಿ ಕೂರದೆ ಕುಂಯ್ ಎಂದು ಕೂಗುವುದು ಬೇರೆ.

ನಿಜವಾದ ಶ್ರವಣ ಯಂತ್ರವನ್ನು ಅವರವರ ಶ್ರವಣ ಪರೀಕ್ಷೆಯ ನಕ್ಷೆ ನೋಡಿ, ಎಲ್ಲಿ ಕುಸಿದಿದೆಯೋ ಅಲ್ಲಿ ಮಾತ್ರ ಏರಿಸಿ ಕೂರಿಸುತ್ತಾರೆ. ದುಬಾರಿ ಎಂಬುದು ಸುಳ್ಳಲ್ಲ. ಆದರೆ ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ದೂರದ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ. ಮೊದಲು ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ವಿಚಾರಿಸಿ. ಮಾವನವರಿಗೆ ಆಮೇಲೆ ಹಾಗೆಯೇ ಮಾಡಿಸಿದೆವು. ಈಗ ಮೊಮ್ಮಕ್ಕಳ ಜೊತೆ ಜಗಳವಾಡುವಷ್ಟು ಕೇಳುತ್ತದೆ.

‘ರೋಗನೆ ಬಾದಾಮ್ ಬಿಟ್ಟರೆ ಸರಿಹೋಗುತ್ತದೆಯೇ?’ ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಇಬ್ನ್ ಸೀನಾರ ‘ಅಲ್ ಖಾನೂನ್’ ಗ್ರಂಥದ ಮೂರನೆಯ ಭಾಗದಲ್ಲಿ ಕಿವಿಯ ರೋಗಗಳ ವಿವರವೇ ಇದೆ. ಕಿವಿಯೊಳಗಿನ ಗುಂಯ್‌ಗುಡುವಿಕೆಗೆ ನಮ್ಮ ಪದ್ಧತಿಯಲ್ಲಿ ತನೀನ್ ಎಂಬ ಹೆಸರಿದೆ. ಗಟ್ಟಿಯಾದ ಕುಗ್ಗೆ ಮೆತ್ತಗಾಗಲು ಎಣ್ಣೆ ಉಪಯುಕ್ತ. ಅಷ್ಟಕ್ಕೆ ಅದನ್ನು ಬಳಸುತ್ತೇನೆ, ಅದೂ ತಮಟೆ ತೂತಾಗಿಲ್ಲವೆಂದು ನೋಡಿದ ಮೇಲೆ. ಆದರೆ ಒಳಗಿವಿಯ ಶಂಖದಲ್ಲಿ ಹುಟ್ಟುವಾಗ ಸುಮಾರು 15,000 ರೋಮಕೋಶಗಳಿರುತ್ತವೆ. ಜೋರು ಸದ್ದಿಗೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಯಾವ ಎಣ್ಣೆಯೂ, ಯಾವ ಮಾಜೂನೂ ಅದನ್ನು ಹುಟ್ಟಿಸುವುದಿಲ್ಲ. ಹುಟ್ಟಿಸುತ್ತೇನೆ ಎಂದು ಯಾರಾದರೂ ಹೇಳಿದರೆ, ಆತ ನನ್ನ ಪದವಿಯವನೇ ಆಗಿದ್ದರೂ, ದುಡ್ಡು ಕೊಡಬೇಡಿ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಿದ್ದರೆ ನನ್ನ ಬಳಿಯೂ ಬರಬೇಡಿ. ಅದೇ ದಿನ ಕಿವಿ-ಮೂಗು-ಗಂಟಲಿನ ತಜ್ಞರ ಬಳಿ ಹೋಗಿ, ಅಲ್ಲಿ ದಿನಗಳ ಲೆಕ್ಕ ಮುಖ್ಯ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಕಂಪೆನಿಯ ಹೆಸರು ಹೇಳಲಾರೆ, ಹೆಸರಾಂತ ಹೆಸರುಗಳ ನಕಲೂ ಅದೇ ಅಂಗಡಿಯಲ್ಲಿ ತೂಗಾಡುತ್ತಿರುತ್ತದೆ. ವಯರಿನದಾದರೆ ಮೊದಲು ಹೇಳಿದ ಮೂರು ಜಾಗಗಳನ್ನು ಬೆರಳಲ್ಲಿ ಬಾಗಿಸಿ ನೋಡಿ. ಮೊಬೈಲಿಗೆ ಹಾಕಿ, ಪಿನ್ನನ್ನು ಮೆಲ್ಲಗೆ ತಿರುಗಿಸಿ. ಕರಕರ ಬಂದರೆ ಹಿಂದಿರುಗಿಸಿ. ಹಾಡಿನ ಬದಲು ಯಾರಾದರೂ ಮಾತನಾಡುವ ಧ್ವನಿಮುದ್ರಣ ಹಾಕಿ, ಕಡಿಮೆ ಸದ್ದಿನಲ್ಲಿ ಕೇಳಿ. ಕಡಿಮೆ ಸದ್ದಿನಲ್ಲಿ ಮಾತು ಸ್ಪಷ್ಟವಾಗಿ ಕೇಳುವುದೇ ಒಳ್ಳೆಯದು. ‘ಬೇಸ್’ ಎದೆ ನಡುಗಿಸಿದರೆ ಅಂಗಡಿಯವನಿಗೆ ಲಾಭ. ವಯರಿಲ್ಲದ ಇಯರ್‌ಫೋನ್‌ಗೂ ಬ್ಲೂಟೂತ್ ಸ್ಪೀಕರಿಗೂ ಚಾರ್ಜರಿಗೂ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತೋರಿಸುತ್ತದೆ. ಡಬ್ಬಿಯ ಮೇಲೆ ಒಂದು ಹೆಸರು, ಆ್ಯಪಿನಲ್ಲಿ ಸಂಬಂಧವೇ ಇಲ್ಲದ ಮತ್ತೊಂದು ಬಂದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಮತ್ತು ಬಿಲ್ ಕೇಳಿ. ಬಿಲ್ ಕೊಡಲು ಮೂಗು ಮುರಿಯುವವನು ನಾಳೆ ವಾರಂಟಿಗೂ ಮೂಗು ಮುರಿಯುತ್ತಾನೆ.

ಒಂದು ಕಡೆ ಸತ್ತ ದಿನ ಅದನ್ನು ಡ್ರಾಯರಿಗೆ ಹಾಕಬೇಡಿ, ಮಕ್ಕಳು ಮತ್ತೆ ತೆಗೆಯುತ್ತಾರೆ. ಮೊಬೈಲ್ ರಿಪೇರಿಯವರಿಗೆ ಕೊಟ್ಟುಬಿಡಿ, ಅವರಿಗೆ ಪಿನ್ನಾದರೂ ಉಪಯೋಗಕ್ಕೆ ಬರುತ್ತದೆ.

ಆ ಹುಡುಗನನ್ನು ಆರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಕಳಿಸಿದೆ. ಗುಂಡಿ ಆಳವಾಗಿಲ್ಲ, ತುಂಬಿಯೂ ಇಲ್ಲ. ಉಸ್ತಾದರು ಈಗ ಅವನ ಎಡಗಡೆ ಕೂರುತ್ತಾರೆ.